ಹನ್ನೊಂದು ನಿಮಿಷ, 275 ಅಲಾರಂ

1994ರ ಜುಲೈ 24, ಭಾನುವಾರ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಮಿಲ್ಫರ್ಡ್ ಹೇವನ್ ಎಂಬ ಬಂದರಿನ ದಡದಲ್ಲಿ ಟೆಕ್ಸಾಕೊ ಕಂಪನಿಯದೊಂದು ತೈಲ ರಿಫೈನರಿ. ಅವತ್ತು ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ಹನ್ನೊಂದು ನಿಮಿಷಗಳಲ್ಲಿ (ಸರಿಯಾಗಿ ಹೇಳಬೇಕೆಂದರೆ 10.7 ನಿಮಿಷ) ಅಲ್ಲಿನ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರಂಗಳ ಸಂಖ್ಯೆ 275. ಭಾಗಿಸಿ ನೋಡಿ, ಎರಡೂವರೆ ಸೆಕೆಂಡು ಕೂಡ ಬಿಡುವಿಲ್ಲದೆ ಒಂದರ ಹಿಂದೊಂದು! ಮೊದಲನೆಯದನ್ನು ಓದಿ ಮುಗಿಸುವುದರೊಳಗೆ ಎರಡನೆಯದು, ಅದರ ಬೆನ್ನಿಗೇ ಮೂರನೆಯದು... ಒಂದು ಗಂಟೆ ಇಪ್ಪತ್ಮೂರು ನಿಮಿಷಕ್ಕೆ ರಿಫೈನರಿ ಸ್ಫೋಟಿಸಿತು.

ನಾವೆಲ್ಲ ಚಿಕ್ಕವರಿದ್ದಾಗ "ತೋಳ ಬಂತು ತೋಳ" ಕಥೆ ಕೇಳಿದವರೇ. ಅದರಲ್ಲಿ ಕುರಿ ಕಾಯುವ ಹುಡುಗ ಸುಳ್ಳು ಹೇಳುತ್ತಾನೆ, ಅದಕ್ಕೇ ಊರವರು ನಂಬುವುದಿಲ್ಲ. ಆದರೆ ಮಿಲ್ಫರ್ಡ್ ಹೇವನ್ನಿನ ಕಥೆ ಅಷ್ಟು ಸುಲಭದ್ದಲ್ಲ. ಅಲ್ಲಿ ಕೂಗಿದ ಅಲಾರಂಗಳು ಬೇಕೆಂದೇ ಯಾರನ್ನೂ ಆಟವಾಡಿಸುತ್ತಿರಲಿಲ್ಲ. ತೋಳ ಬಂದಾಗ ತೋಳ ಬಂತು ಅಂದವು, ಇಲಿ ಬಂದಾಗ ಇಲಿ ಬಂತು ಅಂದವು, ಎಲೆ ಅಲುಗಾಡಿದಾಗ ಎಲೆ ಅಲುಗಾಡಿತು ಅಂದವು. ತೊಂದರೆ ಏನೆಂದರೆ ಎಲ್ಲವನ್ನೂ ಒಂದೇ ದನಿಯಲ್ಲಿ, ಒಂದೇ ಸಲ ಕೂಗಿ ಹೇಳಿದವು.

ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರಿಂಗ್, ಹೊಟ್ಟೆ ಹೊರೆಯುತ್ತಿರುವುದು ಸಾಫ್ಟ್‌ವೇರಿನಲ್ಲಿ. ಕಾಲೇಜಿನಲ್ಲಿ ಸೆನ್ಸರ್ ಬಗ್ಗೆ ಓದಿದೆವು, ವಾಲ್ವ್ ಬಗ್ಗೆ ಓದಿದೆವು, ಕಂಟ್ರೋಲ್ ಥಿಯರಿ ಅಂತ ಬೋರ್ಡ್ ತುಂಬ ಸಮೀಕರಣ ಬರೆದೆವು. ಅಲಾರಂ ಬಗ್ಗೆ ಮಾತ್ರ ಯಾರೂ ಪಾಠ ಮಾಡಲಿಲ್ಲ. ಅದೇನು ಮಹಾ, ಒಂದು ಮಿತಿ ಇಡೋದು, ದಾಟಿದರೆ ಗಂಟೆ ಬಾರಿಸೋದು, ಅಷ್ಟೇ ತಾನೆ ಎನ್ನುವ ಭಾವನೆ. ಆದರೆ ಈ "ಅಷ್ಟೇ ತಾನೆ"ಗೆ ಅರ್ಧ ಶತಮಾನದ ಇತಿಹಾಸವಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡೋಣ ಅನ್ನಿಸಿತು. ಲೇಖನ ಸ್ವಲ್ಪ ಉದ್ದವಾಗಿದೆ, ಪುರುಸೊತ್ತು ಮಾಡಿಕೊಂಡು ಓದಿ :)

ಮೊದಲು ಕಂಪ್ಯೂಟರ್ ಇಲ್ಲದ ಕಾಲಕ್ಕೆ ಹೋಗೋಣ. ಆಗ ಕಾರ್ಖಾನೆಯ ಕಂಟ್ರೋಲ್ ರೂಮ್ ಅಂದರೆ ಗೋಡೆಯುದ್ದಕ್ಕೂ ನಿಂತ ಉಕ್ಕಿನ ಪ್ಯಾನೆಲ್. ಅದರ ತುಂಬ ಗಡಿಯಾರದಂಥ ಮೀಟರುಗಳು, ಕಾಗದದ ಮೇಲೆ ಗೆರೆ ಎಳೆಯುವ ರೆಕಾರ್ಡರುಗಳು. ಮೇಲುಭಾಗದಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಿಟಕಿಗಳು. ಒಂದೊಂದು ಕಿಟಕಿಯ ಮೇಲೂ ಒಂದೊಂದು ಮಾತು: "ಟ್ಯಾಂಕ್ ಮಟ್ಟ ಹೆಚ್ಚು", "ಪಂಪು ನಿಂತಿದೆ", ಹೀಗೆ. ಏನಾದರೂ ಹೆಚ್ಚುಕಮ್ಮಿಯಾದರೆ ಹಿಂದಿನ ಬಲ್ಬು ಹೊತ್ತಿ ಕಿಟಕಿ ಮಿಣುಕುತ್ತದೆ, ಹಾರ್ನ್ ಬಡಿದುಕೊಳ್ಳುತ್ತದೆ. ಆಪರೇಟರ್ ಎದ್ದು ಬಂದು "ನೋಡಿದೆ ಕಣಪ್ಪಾ" ಅಂತ ಒಂದು ಗುಂಡಿ ಒತ್ತಬೇಕು. ಈ ಕಿಟಕಿಗಳ ಸಾಲಿಗೆ ಅನನ್ಸಿಯೇಟರ್ ಎಂದು ಹೆಸರು.

ಇಂಥ ಒಂದು ಕಿಟಕಿ ಹೆಚ್ಚು ಬೇಕೆಂದರೆ ಏನೇನು ಆಗಬೇಕಿತ್ತು ನೋಡಿ. ಕಾರ್ಖಾನೆಯ ಆ ಮೂಲೆಯಲ್ಲಿ ಒಂದು ಸ್ವಿಚ್ ಕೂರಿಸಬೇಕು. ಅಲ್ಲಿಂದ ಕಂಟ್ರೋಲ್ ರೂಮಿನವರೆಗೆ ತಂತಿ ಎಳೆಯಬೇಕು. ರಿಲೇ ಬೇಕು, ಬಲ್ಬು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪ್ಯಾನೆಲ್ಲಿನಲ್ಲಿ ಜಾಗ ಬೇಕು. ಇದಕ್ಕೆಲ್ಲ ದುಡ್ಡು, ದುಡ್ಡಿಗೆ ಮೇಲಿನವರ ಸಹಿ. ಸಹಿ ಮಾಡುವವನು "ಇದು ನಿಜಕ್ಕೂ ಬೇಕಾ?" ಎಂದು ಒಂದು ಸಲವಾದರೂ ಕೇಳುತ್ತಿದ್ದ. ಅಲಾರಂಗೆ ಬೆಲೆಯಿತ್ತು, ಹಾಗಾಗಿ ಅದರ ಹಿಂದೆ ಒಂದಿಷ್ಟು ಯೋಚನೆಯೂ ಇರುತ್ತಿತ್ತು.

ಹಾಗಂತ ಆ ಕಾಲವೇ ಚಿನ್ನದ ಕಾಲ ಅಂತೇನೂ ಅಲ್ಲ. ಸ್ಥಾವರ ದೊಡ್ಡದಾದಂತೆ ಗೋಡೆಯೂ ದೊಡ್ಡದಾಯಿತು. ಅದರ ಪರಿಣಾಮ ಜಗತ್ತಿಗೆಲ್ಲ ಗೊತ್ತಾಗಿದ್ದು 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆಗೆ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಸಸ್ಕ್ವೆಹಾನಾ ನದಿಯ ನಡುಗಡ್ಡೆಯೊಂದರ ಮೇಲಿರುವ ತ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ ನೀರೂಡಿಸುವ ಪಂಪುಗಳು ನಿಂತವು. ಒತ್ತಡ ಏರಿತು, ಒತ್ತಡ ಇಳಿಸುವ ವಾಲ್ವ್ ತಾನಾಗಿ ತೆರೆದುಕೊಂಡಿತು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮುಚ್ಚಿಕೊಳ್ಳಬೇಕಿದ್ದ ಆ ವಾಲ್ವ್ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ಪ್ಯಾನೆಲ್ಲಿನ ಮೇಲೆ ಅದಕ್ಕೊಂದು ದೀಪವಿತ್ತು. ಆದರೆ ಆ ದೀಪ ಹೇಳುತ್ತಿದ್ದುದು ವಾಲ್ವಿನ ಸ್ಥಿತಿಯನ್ನಲ್ಲ, ವಾಲ್ವಿಗೆ ಹೋದ ಆಜ್ಞೆಯನ್ನು! "ಮುಚ್ಚು" ಎಂಬ ಆಜ್ಞೆ ಹೋಯಿತು, ದೀಪ ಆರಿತು, ಆಪರೇಟರುಗಳು ವಾಲ್ವ್ ಮುಚ್ಚಿದೆ ಎಂದುಕೊಂಡರು. ರಿಯಾಕ್ಟರನ್ನು ತಂಪಾಗಿಡಬೇಕಾದ ನೀರು ಎರಡು ಗಂಟೆಗೂ ಹೆಚ್ಚು ಕಾಲ ಆ ದಾರಿಯಲ್ಲಿ ಸೋರಿಹೋಯಿತು. ಕೊನೆಗೆ ರಿಯಾಕ್ಟರಿನ ಒಡಲಿನ ಒಂದು ದೊಡ್ಡ ಭಾಗವೇ ಕರಗಿತು.

ಈ ಹೊತ್ತಿನಲ್ಲಿ ಅಲಾರಂಗಳು ಏನು ಮಾಡುತ್ತಿದ್ದವು? ಆರಂಭದಲ್ಲೇ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಮುಖ್ಯವಲ್ಲದವುಗಳ ಬಾಯಿ ಮುಚ್ಚಿಸಿ ಮುಖ್ಯವಾದವನ್ನು ಮಾತ್ರ ನೋಡುವ ದಾರಿಯೇ ಇರಲಿಲ್ಲ. ಅಲಾರಂಗಳನ್ನು ಒಂದೊಂದಾಗಿ ಅಚ್ಚು ಹಾಕುವ ಕಂಪ್ಯೂಟರ್ ಪ್ರಿಂಟರ್ ಒಂದಿತ್ತು. ಅದು ಒಂದು ಹಂತದಲ್ಲಿ ಎರಡೂವರೆ ಗಂಟೆಯಷ್ಟು ಹಿಂದೆ ಬಿದ್ದಿತ್ತು! ಅಂದರೆ ಆರೂವರೆಗೆ ಪ್ರಿಂಟರಿನ ಮುಂದೆ ನಿಂತವನಿಗೆ ನಾಲ್ಕು ಗಂಟೆಯ ಸುದ್ದಿ ಸಿಗುತ್ತದೆ ಅಂದ ಹಾಗೆ. ಸಾಲದ್ದಕ್ಕೆ ನಡುವೆ ಜಾಮ್ ಆಗಿ ಒಂದಿಷ್ಟು ಮಾಹಿತಿ ಕಳೆದೇಹೋಯಿತು. ಅಲಾರಂ ಪ್ಯಾನೆಲ್ಲನ್ನೇ ಕಿತ್ತೆಸೆಯಬೇಕು ಅನ್ನಿಸಿತ್ತು, ಅದರಿಂದ ಉಪಯೋಗದ ಒಂದು ಮಾಹಿತಿಯೂ ಸಿಗುತ್ತಿರಲಿಲ್ಲ ಎಂಬರ್ಥದ ಮಾತನ್ನು ಒಬ್ಬ ಆಪರೇಟರ್ ತನಿಖಾ ಆಯೋಗದ ಮುಂದೆ ಆಡಿದ.

ಆ ಆಯೋಗದ ಅಧ್ಯಕ್ಷರು ಯಾರು ಗೊತ್ತೇ? ಜಾನ್ ಕೆಮೆನಿ. ಪ್ರೋಗ್ರಾಮಿಂಗ್ ಕಲಿತವರಿಗೆ ಈ ಹೆಸರು ಎಲ್ಲೋ ಕೇಳಿದಂತೆ ಅನ್ನಿಸಬೇಕು. 1964ರಲ್ಲಿ ಥಾಮಸ್ ಕರ್ಟ್ಜ್ ಜೊತೆ ಸೇರಿ ಬೇಸಿಕ್ ಭಾಷೆಯನ್ನು ಹುಟ್ಟುಹಾಕಿದ ಗಣಿತಜ್ಞ ಇವರೇ! ಕಂಪ್ಯೂಟರನ್ನು ಸಾಮಾನ್ಯ ವಿದ್ಯಾರ್ಥಿಗೂ ಅರ್ಥವಾಗುವಂತೆ ಮಾಡಬೇಕು ಎಂದು ಹೊರಟ ಮನುಷ್ಯ. ಅವರ ಆಯೋಗ 1979ರ ಅಕ್ಟೋಬರಿನಲ್ಲಿ ಕೊಟ್ಟ ವರದಿ ಆಪರೇಟರುಗಳು ಎಡವಿದ್ದನ್ನು ಮುಚ್ಚಿಡಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲಲೂ ಇಲ್ಲ. ಅವರಿಗೆ ಕೊಟ್ಟ ತರಬೇತಿ, ಗೊಂದಲದ ಸೂಚನೆಗಳು, ಅವರ ಮುಂದಿಟ್ಟ ಪ್ಯಾನೆಲ್, ಹಿಂದಿನ ಘಟನೆಗಳಿಂದ ಪಾಠ ಕಲಿಯದ ಸಂಸ್ಥೆಗಳು, ಇವನ್ನೆಲ್ಲ ಒಟ್ಟಿಗೆ ನೋಡಿತು. 1977ರಲ್ಲೇ ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ವಾಲ್ವ್ ಹೀಗೇ ತೆರೆದೇ ಉಳಿದಿತ್ತು. ಆ ಸುದ್ದಿ ತ್ರೀ ಮೈಲ್ ಐಲ್ಯಾಂಡಿನ ಆಪರೇಟರುಗಳ ಕಿವಿಗೆ ಬಿದ್ದಿರಲಿಲ್ಲ.

ಇಷ್ಟು ಹೊತ್ತಿಗೆ ಇನ್ನೊಂದು ಕಡೆ ಬೇರೆಯೇ ಒಂದು ಬದಲಾವಣೆ ಶುರುವಾಗಿತ್ತು. 1975ರಲ್ಲಿ ಅಮೆರಿಕದ ಹನಿವೆಲ್ ಕಂಪನಿ ಟಿಡಿಸಿ 2000 ಎಂಬ ವ್ಯವಸ್ಥೆಯನ್ನೂ, ಅದೇ ವರ್ಷ ಜಪಾನಿನ ಯೊಕೊಗಾವಾ ಕಂಪನಿ ಸೆಂಟಮ್ ಎಂಬ ವ್ಯವಸ್ಥೆಯನ್ನೂ ಮಾರುಕಟ್ಟೆಗೆ ತಂದವು. ಡಿಸ್ಟ್ರಿಬ್ಯೂಟೆಡ್ ಕಂಟ್ರೋಲ್ ಸಿಸ್ಟಮ್, ಚಿಕ್ಕದಾಗಿ ಡಿಸಿಎಸ್. ಗೋಡೆಯಷ್ಟು ಉದ್ದದ ಪ್ಯಾನೆಲ್ ಹೋಗಿ ಮೇಜಿನ ಮೇಲೆ ನಾಲ್ಕಾರು ಪರದೆಗಳು ಬಂದವು. ಎಲ್ಲ ಅಳತೆಗಳೂ ಕಂಪ್ಯೂಟರಿನೊಳಗೇ ಇವೆ. ಹೊಸ ಅಲಾರಂ ಬೇಕೆಂದರೆ ಸ್ವಿಚ್ ಬೇಡ, ತಂತಿ ಬೇಡ, ಬಲ್ಬು ಬೇಡ, ಜಾಗವೂ ಬೇಡ. ಒಂದು ಕಾಲಂನಲ್ಲಿ ಒಂದು ಸಂಖ್ಯೆ ತುಂಬಿದರೆ ಮುಗಿಯಿತು.

ಆಗ ಆಗಿದ್ದೇನು ಅಂತ ನಮ್ಮಂಥ ಸಾಫ್ಟ್‌ವೇರಿನವರು ಸುಲಭವಾಗಿ ಊಹಿಸಬಹುದು. ಒಂದು ಉಷ್ಣಾಂಶಕ್ಕೆ "ಹೆಚ್ಚು" ಅಂತ ಒಂದು ಅಲಾರಂ. ಅದರ ಮೇಲೆ "ಬಹಳ ಹೆಚ್ಚು" ಅಂತ ಇನ್ನೊಂದು. ಕೆಳಗೆ "ಕಡಿಮೆ", "ಬಹಳ ಕಡಿಮೆ". ವೇಗವಾಗಿ ಬದಲಾದರೆ ಒಂದು, ಇಟ್ಟ ಗುರಿಯಿಂದ ದೂರ ಸರಿದರೆ ಒಂದು, ಸೆನ್ಸರೇ ಕೆಟ್ಟರೆ ಮತ್ತೊಂದು. ಒಂದೇ ಅಳತೆಗೆ ಏಳು ಅಲಾರಂ! ಸಭೆಯಲ್ಲಿ ಯಾರಾದರೂ "ಇದಕ್ಕೂ ಒಂದು ಅಲಾರಂ ಇರಲಿ" ಅಂದರೆ ಬೇಡ ಅನ್ನಲು ಯಾರಿಗೂ ಕಾರಣವಿಲ್ಲ. ಇಟ್ಟರೆ ಪುಕ್ಕಟೆ. ಇಡದೆ ನಾಳೆ ಏನಾದರೂ ಆದರೆ ಇಡಲಿಲ್ಲ ಎಂಬ ಆಪಾದನೆ. ಹಾಗಾಗಿ ವಿನ್ಯಾಸ ಮಾಡುವವನು ಎಲ್ಲದಕ್ಕೂ ಅಲಾರಂ ಇಟ್ಟು ತಾನು ನಿಶ್ಚಿಂತನಾಗುತ್ತಾನೆ. ಅವನ ನಿಶ್ಚಿಂತೆಯ ಭಾರವೆಲ್ಲ ರಾತ್ರಿ ಪಾಳಿಯ ಆಪರೇಟರಿನ ತಲೆಯ ಮೇಲೆ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರುವುದು ಇಲ್ಲೇ. ಅಲಾರಂ ಅನ್ನುವುದು ಬರೀ ಸುದ್ದಿಯಲ್ಲ, "ಇನ್ನು ಇದು ನಿನ್ನ ಜವಾಬ್ದಾರಿ" ಎಂದು ಇನ್ನೊಬ್ಬನ ಕೈಗೆ ಹೊರೆ ದಾಟಿಸುವ ಕ್ರಿಯೆ. ಹೊರೆ ದಾಟಿಸುವುದು ಪುಕ್ಕಟೆಯಾದಾಗ ಹೊರುವವನ ಬೆನ್ನು ಮುರಿಯುತ್ತದೆ.

ಸರಿ, ಹೆಚ್ಚು ಕೂಗುವುದು ತಪ್ಪು ಅಂತಾಯಿತು. ಹಾಗಾದರೆ ಬಾಯಿ ಮುಚ್ಚಿಸಿಬಿಟ್ಟರೆ? ಅದರ ಉತ್ತರಕ್ಕೆ ನಾವು ಬಹಳ ದೂರ ಹೋಗಬೇಕಿಲ್ಲ. ಭೋಪಾಲ್, 1984ರ ಡಿಸೆಂಬರ್ 2ರ ರಾತ್ರಿ.

ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿಡಬೇಕಿತ್ತು. ಉಷ್ಣಾಂಶ 11 ಡಿಗ್ರಿ ಮುಟ್ಟಿದರೆ ಅಲಾರಂ. ಆದರೆ 1984ರ ಜೂನ್‌ನಲ್ಲಿ ತಂಪುಗೊಳಿಸುವ ಯಂತ್ರವನ್ನೇ ನಿಲ್ಲಿಸಿಬಿಟ್ಟರು. ಇನ್ನು ಭೋಪಾಲದ ಬಿಸಿಲಿನಲ್ಲಿ ಟ್ಯಾಂಕು 11 ಡಿಗ್ರಿಯ ಕೆಳಗೆ ಇರುವುದು ಹೇಗೆ? ಅಲಾರಂಗೆ ಉಳಿದದ್ದು ಎರಡೇ ದಾರಿ: ಹಗಲೂ ರಾತ್ರಿ ಕೂಗುತ್ತಲೇ ಇರುವುದು, ಇಲ್ಲವೇ ಸುಮ್ಮನಾಗುವುದು. ಅದನ್ನು ಸುಮ್ಮನಾಗಿಸಿದ್ದರು. 610ನೇ ನಂಬರಿನ ಟ್ಯಾಂಕಿಗೆ ನೀರು ನುಗ್ಗಿ ಒಳಗೆ ಕುದಿ ಶುರುವಾದಾಗ ಎಚ್ಚರಿಸಬೇಕಿದ್ದ ಆ ಗಂಟೆ ಎಂದೋ ಮೂಕವಾಗಿತ್ತು. ಒತ್ತಡದ ಮೀಟರ್ ಏರುತ್ತಿರುವುದು ಕಂಡಿತ್ತು, ಆದರೆ ಅಲ್ಲಿನ ಮೀಟರುಗಳನ್ನು ನಂಬುವ ಅಭ್ಯಾಸವೇ ತಪ್ಪಿಹೋಗಿತ್ತು. ಕಣ್ಣುರಿ ಬಂದಾಗಲೂ ಸಣ್ಣ ಸೋರಿಕೆ ಇಲ್ಲಿ ಮಾಮೂಲು, ಚಹಾ ಕುಡಿದು ನೋಡೋಣ ಅಂದುಕೊಂಡರು.

ಅನಿಲ ಹೊರಬಿದ್ದ ಮೇಲೂ ಅಷ್ಟೇ. ಊರಿಗೆ ಕೇಳಿಸುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿದರು. ಅದು ಮತ್ತೆ ಊರಿಗೆ ಕೇಳಿಸಿದ್ದು ರಾತ್ರಿ ಎರಡು ಗಂಟೆಯ ಹೊತ್ತಿಗೆ. ಅಷ್ಟರಲ್ಲಿ ಜನ ಸೈರನ್ನಿನಿಂದಲ್ಲ, ಕೆಮ್ಮಿನಿಂದ ಎದ್ದು ಓಡುತ್ತಿದ್ದರು. ಸತ್ತವರು ಸಾವಿರ ಸಾವಿರ.

ಭೋಪಾಲಕ್ಕೆ ಇನ್ನೊಂದು ಅಲಾರಂ ಕೂಡ ಇತ್ತು. ಅದು ಒಬ್ಬ ಮನುಷ್ಯ. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಿಂದಲೇ ಈ ಕಾರ್ಖಾನೆ ಊರನ್ನು ಕೊಲ್ಲುತ್ತದೆ ಎಂದು ಹಿಂದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆದರು. ಅವರ ಕೂಗನ್ನು ಕೇಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಕೇಸ್ವಾನಿ 2021ರಲ್ಲಿ ತೀರಿಕೊಂಡರು.

ಈಗ ಮತ್ತೆ ಮಿಲ್ಫರ್ಡ್ ಹೇವನ್ನಿಗೆ ಬರೋಣ. ಆ ಭಾನುವಾರ ಬೆಳಿಗ್ಗೆ ಗುಡುಗು-ಸಿಡಿಲು. ಸಿಡಿಲಿನಿಂದ ಕಚ್ಚಾತೈಲ ಬಟ್ಟಿ ಇಳಿಸುವ ಘಟಕದಲ್ಲಿ ಬೆಂಕಿ ಹತ್ತಿತು, ಕರೆಂಟು ಏರುಪೇರಾಯಿತು. ಕ್ಯಾಟಲಿಟಿಕ್ ಕ್ರ್ಯಾಕಿಂಗ್ ಘಟಕವೊಂದನ್ನು ಬಿಟ್ಟು ಅಲ್ಲಿನ ಉಳಿದವೆಲ್ಲ ನಿಂತವು. ಈ ಗಲಿಬಿಲಿಯಲ್ಲಿ ಆ ಘಟಕದ ಒಂದು ಗೋಪುರದಿಂದ ದ್ರವ ಹೊರಹೋಗುವ ವಾಲ್ವ್ ಮುಚ್ಚಿಕೊಂಡಿತು, ಆಮೇಲೆ ತೆರೆಯಲೇ ಇಲ್ಲ. ಪರದೆಯ ಮೇಲೆ ಮಾತ್ರ ತೆರೆದಿದೆ ಎಂದು ತೋರಿಸುತ್ತಿತ್ತು. (ತ್ರೀ ಮೈಲ್ ಐಲ್ಯಾಂಡಿನ ದೀಪ ನೆನಪಾಯಿತೇ? ಹದಿನೈದು ವರ್ಷಗಳ ನಂತರ ಅದೇ ತಪ್ಪಿನ ಮರುಜನ್ಮ.)

ಒಳಗೆ ಬರುವ ದಾರಿ ತೆರೆದಿದೆ, ಹೊರಗೆ ಹೋಗುವ ದಾರಿ ಮುಚ್ಚಿದೆ. ಗೋಪುರ ತುಂಬುತ್ತಾ ಹೋಯಿತು. ಒತ್ತಡ ಏರಿದಾಗೆಲ್ಲ ಅದರ ದ್ರವ, ಅನಿಲ ಎರಡೂ ಫ್ಲೇರ್ ಕಡೆಗೆ ನುಗ್ಗಿದವು. ರಿಫೈನರಿಗಳಲ್ಲಿ ಎತ್ತರದ ಕೊಳವೆಯ ತುದಿಯಲ್ಲಿ ಸದಾ ಬೆಂಕಿ ಉರಿಯುತ್ತಿರುವುದನ್ನು ನೋಡಿರುತ್ತೀರಿ, ಅದೇ ಫ್ಲೇರ್. ಅದಕ್ಕೆ ಮುಂಚೆ ದ್ರವವನ್ನು ಹಿಡಿದಿಡಲು ಒಂದು ಡ್ರಮ್ ಇರುತ್ತದೆ. ಆ ಡ್ರಮ್ ತುಂಬಿತು. ಅದರ ಪಂಪಿನ ವ್ಯವಸ್ಥೆಯನ್ನು ಹಿಂದೆ ಬದಲಾಯಿಸಿದ್ದರಿಂದ ಬೇಗ ಖಾಲಿ ಮಾಡುವ ಶಕ್ತಿ ಅದಕ್ಕಿರಲಿಲ್ಲ. ಡ್ರಮ್ಮಿನಲ್ಲಿ ಮಟ್ಟ ಹೆಚ್ಚಾಗಿದೆ ಎಂಬ ಅಲಾರಂ ಬಂದಿತ್ತು. ನೂರಾರು ಅಲಾರಂಗಳ ನಡುವೆ ಅದೂ ಒಂದು. ದ್ರವದ ಹೊಡೆತಕ್ಕೆ ತುಕ್ಕು ಹಿಡಿದ ಕೊಳವೆ ಒಡೆದು ಸುಮಾರು 20 ಟನ್ ಹೈಡ್ರೋಕಾರ್ಬನ್ ಹೊರಚೆಲ್ಲಿತು, ಬೆಂಕಿ ಸಿಕ್ಕಿತು. 26 ಜನರಿಗೆ ಗಾಯ. ಯಾರೂ ಸಾಯಲಿಲ್ಲ. ಭಾನುವಾರವಾದ್ದರಿಂದ ಕಾರ್ಖಾನೆಯಲ್ಲಿ ಜನ ಕಡಿಮೆಯಿದ್ದರು. ದುರಸ್ತಿಗೆ ತಗುಲಿದ ವೆಚ್ಚವೇ ಸುಮಾರು 48 ಮಿಲಿಯನ್ ಪೌಂಡ್.

ಬೆಳಗಿನ ಸಿಡಿಲಿಗೂ ಮಧ್ಯಾಹ್ನದ ಸ್ಫೋಟಕ್ಕೂ ನಡುವೆ ನಾಲ್ಕೈದು ಗಂಟೆಗಳ ಸಮಯವಿತ್ತು ಎನ್ನುವುದನ್ನು ಗಮನಿಸಿ. ಸ್ಥಾವರವನ್ನು ನಿಲ್ಲಿಸಲು, ಏನಾಗುತ್ತಿದೆ ಎಂದು ಕೂತು ಯೋಚಿಸಲು ಧಾರಾಳ ಸಮಯ. ಆದರೆ ಯೋಚಿಸಲು ಬಿಟ್ಟರೆ ತಾನೆ? ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ 1997ರಲ್ಲಿ ಹೊರತಂದ ವರದಿ ಇದನ್ನು ಬಿಡಿಸಿಟ್ಟಿದೆ. ಆ ವ್ಯವಸ್ಥೆಯಲ್ಲಿ ಒಟ್ಟು 2040 ಅಲಾರಂಗಳು, ಅವುಗಳಲ್ಲಿ ನೂರಕ್ಕೆ 87 "ಅತಿ ಮುಖ್ಯ" ಎಂಬ ದರ್ಜೆಯವು! ಕಚೇರಿಯಲ್ಲಿ ಎಲ್ಲ ಕಡತಕ್ಕೂ "ತುರ್ತು" ಅಂತ ಚೀಟಿ ಅಂಟಿಸಿದರೆ ಏನಾಗುತ್ತದೋ ಹಾಗೆ. ಇನ್ನು ಒಳಗೆ ಎಷ್ಟು ಬರುತ್ತಿದೆ, ಹೊರಗೆ ಎಷ್ಟು ಹೋಗುತ್ತಿದೆ ಎಂದು ಒಂದೇ ನೋಟಕ್ಕೆ ತೋರಿಸುವ ಪರದೆ ಒಂದೂ ಇರಲಿಲ್ಲ. ಇದ್ದಿದ್ದರೆ ಗೋಪುರ ತುಂಬುತ್ತಿರುವುದು ಕಣ್ಣಿಗೆ ಹೊಡೆಯುತ್ತಿತ್ತು. ಮಾಹಿತಿ ಎರಡು ಸಾವಿರ ಕಡೆ ಇತ್ತು, ಅರ್ಥ ಒಂದು ಕಡೆಯೂ ಇರಲಿಲ್ಲ.

ಆ ವರದಿಯ ನಂತರ ಅಲಾರಂ ಎಂಬುದು ಒಂದು ಅಧ್ಯಯನದ ವಿಷಯವೇ ಆಯಿತು. 1999ರಲ್ಲಿ ಬ್ರಿಟನ್ನಿನ ಈಮುವಾ ಎಂಬ ಸಂಸ್ಥೆ 191ನೇ ನಂಬರಿನ ಮಾರ್ಗಸೂಚಿ ಹೊರತಂದಿತು. ಅಮೆರಿಕದಲ್ಲಿ 2009ರಲ್ಲಿ ಐಎಸ್ಎ 18.2 ಎಂಬ ಮಾನದಂಡ ಬಂತು, 2014ರಲ್ಲಿ ಐಇಸಿ 62682 ಎಂಬ ಅಂತರರಾಷ್ಟ್ರೀಯ ಮಾನದಂಡ. ಇವುಗಳಲ್ಲಿ ಹೇಳಿರುವ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಬ್ಬ ಆಪರೇಟರಿಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದು ಅಲಾರಂ ಬಂದರೆ ಸರಿ. ಹತ್ತು ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚು ಬಂದರೆ ಅದಕ್ಕೆ ಪ್ರವಾಹ ಎಂದೇ ಹೆಸರು. ಮಿಲ್ಫರ್ಡ್ ಹೇವನ್ನಿನಲ್ಲಿ ಹನ್ನೊಂದು ನಿಮಿಷದೊಳಗೆ ಇಬ್ಬರಿಗೆ 275! ಅತಿ ಮುಖ್ಯ ದರ್ಜೆಯ ಅಲಾರಂಗಳು ನೂರಕ್ಕೆ ಐದರ ಆಸುಪಾಸಿನಲ್ಲಿರಬೇಕು ಎಂಬುದು ಇನ್ನೊಂದು ಸಲಹೆ. ಅಲ್ಲಿದ್ದದ್ದು 87.

ಆದರೆ ಈ ಸಂಖ್ಯೆಗಳಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಅಲಾರಂನ ವ್ಯಾಖ್ಯೆ. ಆಪರೇಟರ್ ಏನಾದರೂ ಮಾಡಬೇಕಾಗಿದ್ದರೆ ಮಾತ್ರ ಅದು ಅಲಾರಂ. ಮಾಡುವುದಕ್ಕೆ ಏನೂ ಇಲ್ಲದಿದ್ದರೆ ಅದು ಬರೀ ಸಮಾಚಾರ, ದಾಖಲೆ ಪುಸ್ತಕಕ್ಕೆ ಹೋಗಲಿ. ಆದ್ದರಿಂದ ಅಲಾರಂಗಳನ್ನು ಸೋಸಲು ಕೂತವರು ಒಂದೊಂದನ್ನೂ ಮುಂದಿಟ್ಟುಕೊಂಡು ನಾಲ್ಕು ಪ್ರಶ್ನೆ ಕೇಳುತ್ತಾರೆ. ಇದು ಯಾಕೆ ಬರುತ್ತದೆ? ಬಂದಾಗ ಆಪರೇಟರ್ ಏನು ಮಾಡಬೇಕು? ಮಾಡಲು ಎಷ್ಟು ಸಮಯವಿದೆ? ಮಾಡದಿದ್ದರೆ ಏನಾಗುತ್ತದೆ? ಉತ್ತರ ಇಲ್ಲದವು ಹೊರಗೆ. ಮಿತಿಯ ಅಂಚಿನಲ್ಲೇ ಓಲಾಡುತ್ತಾ ನಿಮಿಷಕ್ಕೆ ಹತ್ತು ಸಲ ಬಂದು ಹೋಗುವವಕ್ಕೆ ಒಂದಿಷ್ಟು ಅಂತರ ಕೊಡುತ್ತಾರೆ. ನಿಂತಿರುವ ಪಂಪಿನ ಒತ್ತಡ ಕಡಿಮೆಯಾಗಿದೆ ಎಂದು ಕೂಗುವವನ್ನು ಪಂಪು ನಿಂತಿರುವಷ್ಟು ಹೊತ್ತು ಸುಮ್ಮನಿರಿಸುತ್ತಾರೆ. ಸಾವಿರಾರು ಸಾಲುಗಳ ಪಟ್ಟಿ, ತಿಂಗಳುಗಟ್ಟಲೆ ಸಭೆ. ಹಿಂದೆ ಸಹಿ ಮಾಡುವವನು ಕೇಳುತ್ತಿದ್ದ "ಇದು ನಿಜಕ್ಕೂ ಬೇಕಾ?" ಎಂಬ ಪ್ರಶ್ನೆಯನ್ನೇ ಇವರು ಈಗ ಬಡ್ಡಿ ಸಮೇತ ಕೇಳುತ್ತಿರುವುದು!

ಮಿಲ್ಫರ್ಡ್ ಹೇವನ್ ವರದಿ ಇನ್ನೊಂದು ಮಾತನ್ನೂ ಹೇಳಿತು: ಸ್ಥಾವರದ ಕಟ್ಟಕಡೆಯ ರಕ್ಷಣೆ ಅಲಾರಂ ಕೇಳಿ ಓಡಿಬರುವ ಮನುಷ್ಯನ ಮೇಲೆ ನಿಂತಿರಬಾರದು. ಇಲ್ಲಿ ಬರುತ್ತದೆ ಫಂಕ್ಷನಲ್ ಸೇಫ್ಟಿ ಎನ್ನುವ ಶಾಖೆ. ಅಡಿಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ವಿಷಲ್ ಕೂಗುವುದು ಮನುಷ್ಯರಿಗಾಗಿ, ಯಾರೋ ಎಣಿಸಿ ಒಲೆ ಆರಿಸಲಿ ಅಂತ. ಆದರೆ ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದಾರೆ, ವಿಷಲ್ ಕೂರುವ ಕಿಂಡಿಯಲ್ಲಿ ಬೇಳೆ ಸಿಕ್ಕಿ ಕಟ್ಟಿಕೊಂಡಿದೆ ಅನ್ನಿ. ಆಗ ಮುಚ್ಚಳದ ಮೇಲಿನ ಸಣ್ಣ ಸೇಫ್ಟಿ ವಾಲ್ವ್ ಯಾರನ್ನೂ ಕೇಳದೆ ಬಿಟ್ಟುಕೊಳ್ಳುತ್ತದೆ. ಅಡಿಗೆಮನೆಯ ಸೂರು ಸಾರುಮಯವಾಗಬಹುದು, ಆದರೆ ಕುಕ್ಕರ್ ಸಿಡಿಯುವುದಿಲ್ಲ. ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಸೆನ್ಸರ್, ಪ್ರತ್ಯೇಕ ಕಂಪ್ಯೂಟರ್, ಪ್ರತ್ಯೇಕ ವಾಲ್ವ್ ಇಟ್ಟಿರುತ್ತಾರೆ. ಮಾಮೂಲಿ ಕಂಟ್ರೋಲ್ ವ್ಯವಸ್ಥೆ ಕೆಟ್ಟರೂ ಇದು ಕೆಡಬಾರದು. ಮಿತಿ ದಾಟಿದರೆ ತಾನೇ ನಿಲ್ಲಿಸಬೇಕು.

1998 ಮತ್ತು 2000ದ ನಡುವೆ ಬಂದ ಐಇಸಿ 61508 ಎಂಬ ಮಾನದಂಡ, 2003ರಲ್ಲಿ ಪ್ರೋಸೆಸ್ ಕಾರ್ಖಾನೆಗಳಿಗಾಗಿಯೇ ಬಂದ 61511, ಇಂಥ ವ್ಯವಸ್ಥೆಗಳಿಗೆ ದರ್ಜೆ ಕೊಡುವುದನ್ನು ಕಲಿಸಿದವು. ಒಂದನೇ ದರ್ಜೆಯದು ಬೇಕಾದಾಗ ಕೈಕೊಡುವ ಸಂಭವ ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು, ಎರಡನೆಯದು ನೂರರಲ್ಲಿ ಒಂದಕ್ಕಿಂತ, ಮೂರನೆಯದು ಸಾವಿರದಲ್ಲಿ ಒಂದಕ್ಕಿಂತ. ಅಂದ ಹಾಗೆ, ಅಲಾರಂ ಕೇಳಿ ಸರಿಯಾದ ಕೆಲಸ ಮಾಡುವ ಮನುಷ್ಯನಿಗೆ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಎಷ್ಟು ಅಂಕ ಗೊತ್ತೇ? ಹತ್ತು ಸಲಕ್ಕೆ ಒಂದು ಸಲ ತಪ್ಪುತ್ತಾನೆ ಅಂತ. ಅದೂ ತರಬೇತಿ ಇದ್ದು, ಸಮಯ ಇದ್ದು, ಅಲಾರಂ ಸ್ಪಷ್ಟವಾಗಿದ್ದರೆ. ಇದು ಮನುಷ್ಯನಿಗೆ ಅವಮಾನ ಅಂತ ನನಗೆ ಅನ್ನಿಸುವುದಿಲ್ಲ. ಬದಲಿಗೆ ಅವನ ಬಗ್ಗೆ ಒಂದು ಸಣ್ಣ ಕರುಣೆ ಅನ್ನಿಸುತ್ತದೆ. ಮನುಷ್ಯ ಮನುಷ್ಯನೇ, ರಾತ್ರಿ ಮೂರು ಗಂಟೆಗೆ ಅವನಿಂದ ಪವಾಡ ಕೇಳಬೇಡಿ ಎಂದು ಗಣಿತದ ಭಾಷೆಯಲ್ಲಿ ಹೇಳಿದ ಹಾಗೆ.

ಯಂತ್ರಕ್ಕೆ ವಹಿಸಿದರೆ ಎಲ್ಲ ಮುಗಿಯಿತೇ? ಅದೂ ಇಲ್ಲ. 2005ರ ಡಿಸೆಂಬರ್ 11, ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ತೈಲ ಡಿಪೊ. ಇದೂ ಭಾನುವಾರವೇ! 912ನೇ ನಂಬರಿನ ಟ್ಯಾಂಕಿಗೆ ಪೆಟ್ರೋಲ್ ತುಂಬುತ್ತಿತ್ತು. ಬೆಳಗಿನ ಜಾವ ಮೂರು ಗಂಟೆ ಸುಮಾರಿಗೆ ಮಟ್ಟ ತೋರಿಸುವ ಗೇಜು ಅಲ್ಲೇ ನಿಂತುಬಿಟ್ಟಿತು. ಟ್ಯಾಂಕು ತುಂಬುತ್ತಲೇ ಇದೆ, ಗೇಜಿನ ಪ್ರಕಾರ ಮಟ್ಟ ಏರುತ್ತಲೇ ಇಲ್ಲ. ಹಾಗಾಗಿ ಗೇಜಿನ ಅಲಾರಂಗಳು ಬರಲೇ ಇಲ್ಲ. ಕೊನೆಯ ಕಾವಲಾಗಿ ಪ್ರತ್ಯೇಕ ಸ್ವಿಚ್ ಒಂದಿತ್ತು, ತನ್ನಷ್ಟಕ್ಕೆ ಪೆಟ್ರೋಲ್ ನಿಲ್ಲಿಸಬೇಕಾದದ್ದು. ಅದರ ಪರೀಕ್ಷಾ ಹಿಡಿಕೆಗೆ ಹಾಕಬೇಕಿದ್ದ ಬೀಗ ಹಾಕಿರಲಿಲ್ಲ. ಆ ಬೀಗವಿಲ್ಲದೆ ಸ್ವಿಚ್ ಕೆಲಸ ಮಾಡುವುದಿಲ್ಲ ಎಂಬುದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಪೆಟ್ರೋಲ್ ಉಕ್ಕಿ ಹರಿದು ಬೆಳಿಗ್ಗೆ 6 ಗಂಟೆ 1 ನಿಮಿಷಕ್ಕೆ ಸಿಡಿಯಿತು. 43 ಜನರಿಗೆ ಗಾಯ, ಸದ್ಯ ಸಾವಿಲ್ಲ. ಆ ಗೇಜು ಅದಕ್ಕೆ ಹಿಂದಿನ ಮೂರೂವರೆ ತಿಂಗಳಲ್ಲಿ 14 ಸಲ ಹಾಗೇ ಸಿಕ್ಕಿಕೊಂಡಿತ್ತಂತೆ. ಹದಿನಾಲ್ಕು ಸಲ ಎಚ್ಚರಿಕೆ ಬಂದಿತ್ತು ಅಂತಲೂ ಹೇಳಬಹುದು, ಕೇಳಿಸಿಕೊಳ್ಳುವವರಿಗೆ.

ನಮ್ಮಲ್ಲಿ? ಭೋಪಾಲದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು, 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು. ಆದರೂ 2020ರ ಮೇ 7ರ ಬೆಳಗಿನ ಜಾವ, ಲಾಕ್‌ಡೌನ್ ನಡುವೆ, ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಊರಿಗೆ ನುಗ್ಗಿತು. ಹನ್ನೆರಡು ಜನ ಸತ್ತರು. ಟ್ಯಾಂಕಿನ ಉಷ್ಣಾಂಶ ಅಳೆಯುವ ಸೆನ್ಸರ್ ಇದ್ದದ್ದು ಕೆಳಭಾಗದಲ್ಲಿ, ಬಿಸಿಯೇರುತ್ತಿದ್ದುದು ಮೇಲ್ಭಾಗದಲ್ಲಿ. ಕಾರ್ಖಾನೆಯಲ್ಲಿ ಸೈರನ್ ಒತ್ತಬಹುದಾದ 36 ಜಾಗಗಳಿದ್ದವು, ಆದರೂ ಸೈರನ್ ಕೂಗಲಿಲ್ಲ ಎಂದು ಆಂಧ್ರ ಸರ್ಕಾರದ ಉನ್ನತ ಸಮಿತಿ ವರದಿ ಮಾಡಿತು. ಭೋಪಾಲ್ ನಡೆದು ಮೂವತ್ತೈದು ವರ್ಷ ಕಳೆದಿತ್ತು.

ಇದನ್ನೆಲ್ಲ ಓದುತ್ತಾ ನನಗೆ ಮತ್ತೆ ಮತ್ತೆ ನಮ್ಮದೇ ಕೆಲಸ ನೆನಪಾಗುತ್ತಿತ್ತು. ಸರ್ವರ್ ನೋಡಿಕೊಳ್ಳುವವರಿಗೆ ಗೊತ್ತು, ಆನ್-ಕಾಲ್ ವಾರದಲ್ಲಿ ಮೊಬೈಲು ಎಷ್ಟು ಸಲ ಕಿರುಚುತ್ತದೆ ಅಂತ. ಸಿಪಿಯು ಶೇಕಡಾ 80 ದಾಟಿತು, ಡಿಸ್ಕ್ 70 ದಾಟಿತು, ಆಮೇಲೆ ತಾನಾಗಿ ಸರಿಯಾಯಿತು. ಯಾರು ಇಟ್ಟರೋ, ಯಾವಾಗ ಇಟ್ಟರೋ, ತೆಗೆಯಲು ಯಾರಿಗೂ ಧೈರ್ಯವಿಲ್ಲ. ನಮ್ಮ ಸರ್ವರ್ ಬಿದ್ದರೆ ಯಾರದೋ ಆರ್ಡರ್ ತಡವಾಗುತ್ತದೆ, ಅಷ್ಟೇ. ಅಲ್ಲಿ ಗೋಪುರ ಬೀಳುತ್ತದೆ. ಆದರೆ ಎರಡೂ ಕಡೆ ಆ ಅಲಾರಂ ಇಟ್ಟವನು ನಮ್ಮಂಥದೇ ಒಬ್ಬ ಇಂಜಿನಿಯರ್, ಹಗಲು ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ ಇಟ್ಟದ್ದು. ಅದನ್ನು ಕೇಳಿಸಿಕೊಳ್ಳಬೇಕಾದವನು ಇನ್ನಾರೋ, ನಡುರಾತ್ರಿಯಲ್ಲಿ, ಒಬ್ಬನೇ.

ದುರಂತವಾದಾಗ ಪತ್ರಿಕೆಗಳಲ್ಲಿ ಮೊದಲು ಬರುವ ಮಾತು "ಸಿಬ್ಬಂದಿಯ ನಿರ್ಲಕ್ಷ್ಯ". ಇನ್ನು ಮುಂದೆ ಅಂಥ ಸುದ್ದಿ ಓದಿದಾಗ, ಆ ಸಿಬ್ಬಂದಿಯ ಮುಂದೆ ಆ ಹೊತ್ತಿನಲ್ಲಿ ಎಷ್ಟು ಗಂಟೆಗಳು ಬಾರಿಸುತ್ತಿದ್ದವು, ಅವನ್ನು ಅಲ್ಲಿ ಇಟ್ಟವರು ಯಾರು, ಯಾವ ಗಂಟೆಯ ನಾಲಿಗೆ ಯಾರು ಕಿತ್ತಿದ್ದರು ಅಂತಲೂ ಒಮ್ಮೆ ಯೋಚಿಸಿ ನೋಡಿ. ನಿಮ್ಮಲ್ಲಿ ಯಾರಾದರೂ ರಿಫೈನರಿಯಲ್ಲೋ, ಪವರ್ ಪ್ಲಾಂಟಿನಲ್ಲೋ, ಗೊಬ್ಬರದ ಕಾರ್ಖಾನೆಯಲ್ಲೋ ಪಾಳಿ ಮಾಡುವವರಿದ್ದರೆ ನಿಮ್ಮ ಅನುಭವ ಬರೆಯಿರಿ. ನಿಮ್ಮ ಪರದೆಯ ಮೇಲೆ ಹತ್ತು ನಿಮಿಷಕ್ಕೆ ಎಷ್ಟು ಬರುತ್ತವೆ?